ಮೂರು ಪಾಲಾದ ಸಂಸ್ಥಾನ: ಹೈದರಾಬಾದಿನ ಸೀಮೆಗಳು ಮತ್ತು ಪ್ರಾದೇಶಿಕ ಸ್ವಾಯತ್ತತೆಯ ಪ್ರಶ್ನೆ

1956ರ ನವೆಂಬರ್ 1ರಂದು ಭಾರತದ ಭೂಪಟದಿಂದ ಹೈದರಾಬಾದ್ ಎಂಬ ರಾಜ್ಯವು ಮರೆಯಾಯಿತು. ಸುಮಾರು 82 ಸಾವಿರ ಚದರ ಮೈಲಿಗಳ ವಿಸ್ತಾರವಿದ್ದ ಆ ನಾಡಿನಲ್ಲಿ 17 ಜಿಲ್ಲೆಗಳಿದ್ದವು. ಅವುಗಳಲ್ಲಿ ಒಂಬತ್ತು ತೆಲುಗು ಜಿಲ್ಲೆಗಳು, ಐದು ಮರಾಠಿ ಜಿಲ್ಲೆಗಳು. ಉಳಿದ ಬೀದರ, ಗುಲಬರ್ಗಾ, ರಾಯಚೂರು ಎಂಬ ಮೂರು ಜಿಲ್ಲೆಗಳನ್ನು ಕನ್ನಡ ಜಿಲ್ಲೆಗಳೆಂದು ಎಣಿಸಲಾಗುತ್ತಿತ್ತು. ತೆಲುಗು ಜಿಲ್ಲೆಗಳು ಆಂಧ್ರಪ್ರದೇಶವನ್ನು, ಮರಾಠಿ ಜಿಲ್ಲೆಗಳು ದ್ವಿಭಾಷಿಕ ಮುಂಬಯಿ ರಾಜ್ಯವನ್ನು, ಕನ್ನಡ ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಒಂದೇ ಒಲೆಯಲ್ಲಿ ಉಂಡ ಮೂವರು ಅಣ್ಣತಮ್ಮಂದಿರು ಮೂರು ಮನೆಗಳಿಗೆ ಹೊರಟಂತಾಯಿತು. ಆದರೆ ಹೊರಡುವ ಹೊತ್ತಿನಲ್ಲಿ ಸಂವಿಧಾನವು ಮೂವರಿಗೂ ಒಂದೇ ಬಗೆಯ ಬುತ್ತಿಯನ್ನು ಕಟ್ಟಿಕೊಡಲಿಲ್ಲ. ತೆಲಂಗಾಣಕ್ಕೆ ಪ್ರಾದೇಶಿಕ ಸಮಿತಿ ದೊರೆಯಿತು. ಮರಾಠವಾಡಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಭರವಸೆ ದೊರೆಯಿತು. ಕನ್ನಡ ಜಿಲ್ಲೆಗಳಿಗೆ ಏನೂ ದೊರೆಯಲಿಲ್ಲ. ಅವುಗಳ ಹೆಸರು ಸಂವಿಧಾನದ ಪುಟವನ್ನು ಸೇರಲು 56 ವರ್ಷಗಳು ಬೇಕಾದವು.

ಒಂದು ದೊಡ್ಡ ಒಕ್ಕೂಟದಲ್ಲಿ ಆಡಳಿತ ವಿಭಾಗಗಳನ್ನು ಯಾವ ಆಧಾರದ ಮೇಲೆ ರಚಿಸಬೇಕು, ರಾಜ್ಯವೊಂದರ ಒಳಗಿನ ಪ್ರದೇಶಕ್ಕೆ ಎಷ್ಟರಮಟ್ಟಿನ ಸ್ವಾಧಿಕಾರವಿರಬೇಕು ಎಂಬ ಪ್ರಶ್ನೆಗಳಿಗೆ ಈ ಮೂರು ತುಂಡುಗಳ ಕಥೆಯು ಒಳ್ಳೆಯ ನಿದರ್ಶನವಾಗಿದೆ. ಹಿನ್ನೆಲೆ ಒಂದೇ ಆಗಿರುವುದರಿಂದ, ಕೊಟ್ಟ ರಕ್ಷಣೆಗಳ ವ್ಯತ್ಯಾಸವೂ ಅವುಗಳ ಫಲಾಫಲವೂ ಇಲ್ಲಿ ಸ್ಪಷ್ಟವಾಗಿ ಕಾಣಸಿಗುತ್ತವೆ.

ಪ್ರಾಚೀನ ಸೀಮೆಗಳು

ಇಂದು ‘ಹಿಂದುಳಿದ ಪ್ರದೇಶ’ವೆಂಬ ಮಾತಿಗೆ ಪರ್ಯಾಯವೆಂಬಂತೆ ಬಳಕೆಯಾಗುವ ಈ ನೆಲವು ಒಂದು ಕಾಲದಲ್ಲಿ ದಖನ್ನಿನ ಕೇಂದ್ರವಾಗಿತ್ತು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ ಶ್ರೀವಿಜಯನ ‘ಕವಿರಾಜಮಾರ್ಗ’ವು ರೂಪುಗೊಂಡಿತು. ಪುಷ್ಪದಂತನು ತನ್ನ ಅಪಭ್ರಂಶ ‘ಮಹಾಪುರಾಣ’ವನ್ನು ರಚಿಸಿದ್ದು ಇದೇ ಮಾನ್ಯಖೇಟದಲ್ಲಿ. ಕಲ್ಯಾಣದ ಚಾಲುಕ್ಯರ ರಾಜಧಾನಿ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಕವಿರಾಜಮಾರ್ಗಕಾರನು ಕನ್ನಡನಾಡಿನ ವ್ಯಾಪ್ತಿಯನ್ನು ಕಾವೇರಿಯಿಂದ ಗೋದಾವರಿಯವರೆಗೆ ಗುರುತಿಸಿ, ತಿರುಳ್ಗನ್ನಡದ ನೆಲೆಗಳಲ್ಲಿ ಒಂದಾಗಿ ಕೊಪಣವನ್ನು ಹೆಸರಿಸುತ್ತಾನೆ. ಆ ಕೊಪಣವೇ ಜೈನರ ಮಹಾತೀರ್ಥವಾಗಿದ್ದ ಇಂದಿನ ಕೊಪ್ಪಳ.

ಈ ವ್ಯಾಪ್ತಿಯು ಇಂದಿನ ರಾಜ್ಯದ ಎಲ್ಲೆಗಳಿಗೆ ಕಟ್ಟುಬಿದ್ದುದಲ್ಲ. ಆದಿಕವಿ ಪಂಪನು ಆಶ್ರಯ ಪಡೆದ ವೇಮುಲವಾಡವು ಈಗ ತೆಲಂಗಾಣದಲ್ಲಿದೆ. ಅವನ ತಮ್ಮ ಜಿನವಲ್ಲಭನು ಹಾಕಿಸಿದ, ಸಂಸ್ಕೃತ, ಕನ್ನಡ, ತೆಲುಗು ಈ ಮೂರೂ ಭಾಷೆಗಳಿರುವ ಕುರ್ಕ್ಯಾಲದ ಶಾಸನವೂ ಅಲ್ಲಿಯೇ ಇದೆ. ಮರಾಠವಾಡದ ಲಾತೂರು, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಕನ್ನಡ ಶಾಸನಗಳು ದೊರೆತಿವೆ. 1956ರಲ್ಲಿ ಮೂರು ಪಾಲಾದ ನಾಡು ಹತ್ತನೆಯ ಶತಮಾನದಲ್ಲಿ ಭಾಷೆಗಳು ಒಂದರೊಳಗೊಂದು ಬೆರೆತಿದ್ದ ನಾಡಾಗಿತ್ತೆಂಬುದನ್ನು ಈ ಕಲ್ಲುಗಳೇ ಹೇಳುತ್ತವೆ.

ಅಂದಿನ ಆಡಳಿತ ವಿಭಾಗಗಳು ಸಂಖ್ಯೆಗಳೊಡನೆ ಉಕ್ತವಾಗುತ್ತಿದ್ದವು. ಕೃಷ್ಣಾ ತುಂಗಭದ್ರೆಗಳ ನಡುವಿನ ನೆಲವು ‘ಎಡೆದೊರೆ ಎರಡು ಸಾಸಿರ’. ಆಳಂದದ ಸುತ್ತಲಿನದು ‘ಅಳಂದೆ ಸಾಸಿರ’. ಇಂದಿನ ಶಹಾಪುರ ತಾಲ್ಲೂಕಿನ ಸಗರವನ್ನು ಕೇಂದ್ರವಾಗಿ ಉಳ್ಳದ್ದು ‘ಸಗರ ಮುನ್ನೂರು’. ಈ ಸಂಖ್ಯೆಗಳು ಹಳ್ಳಿಗಳ ಎಣಿಕೆಯೋ ಕಂದಾಯದ ಮೊತ್ತವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಒಂದು ಸಂಗತಿ ಗಮನಾರ್ಹ. ಮೇಲಿನ ಅರಸುಮನೆತನಗಳು ಬದಲಾದರೂ ನಾಡುಗಳ ಹೆಸರು ಮತ್ತು ಅಸ್ತಿತ್ವ ಬಹುಕಾಲ ಉಳಿದುಕೊಂಡು ಬಂದವು. ನಾಡಗಾವುಂಡರೂ ಮಹಾಜನರೂ ದತ್ತಿ, ಕೆರೆ, ತೆರಿಗೆಗಳ ವಿಷಯದಲ್ಲಿ ಮಾತುಳ್ಳವರಾಗಿದ್ದುದನ್ನು ಶಾಸನಗಳು ತೋರಿಸುತ್ತವೆ. ಇದನ್ನು ಇಂದಿನ ಅರ್ಥದ ಪ್ರಜಾಸತ್ತಾತ್ಮಕ ಸ್ವಾಯತ್ತತೆಯೆಂದು ಬಣ್ಣಿಸುವುದು ತಪ್ಪಾದೀತು. ಆ ಮಾತು ಊರಿನ ಉಳ್ಳವರದೇ ಆಗಿತ್ತು. ಆದರೂ ಸೀಮೆಯೆಂಬುದು ಕೇವಲ ಮೇಲಿನಿಂದ ಎಳೆದ ಗೆರೆಯಾಗಿರದೆ, ಅಲ್ಲಿಯ ಜನರು ತಮ್ಮದೆಂದು ಹೇಳಿಕೊಳ್ಳುವ ಘಟಕವಾಗಿತ್ತೆಂಬುದು ನಿಜ.

ನಿಜಾಮರ ಆಡಳಿತದಲ್ಲಿ

ಆಸಫ್‌ಜಾಹಿ ಅರಸರ ಕಾಲದಲ್ಲಿ ಗೆರೆಗಳನ್ನು ಯುದ್ಧವೂ ಸಾಲವೂ ಎಳೆದವು. 1800ರಲ್ಲಿ ನಿಜಾಮನು ಬ್ರಿಟಿಷ್ ಸೈನ್ಯದ ವೆಚ್ಚಕ್ಕೆಂದು ಬಳ್ಳಾರಿ ಮುಂತಾದ ಪ್ರದೇಶಗಳನ್ನು ಬಿಟ್ಟುಕೊಟ್ಟನು. ತುಂಗಭದ್ರೆಯ ಒಂದು ದಡದ ಕನ್ನಡಿಗರು ಮದರಾಸಿಗೂ ಇನ್ನೊಂದು ದಡದವರು ಹೈದರಾಬಾದಿಗೂ ಸೇರಿದುದು ಹೀಗೆ. 1853ರ ಒಪ್ಪಂದದಂತೆ ವರಾಡದೊಡನೆ ರಾಯಚೂರು ದೋಆಬು ಬ್ರಿಟಿಷರ ವಶವಾಗಿ, 1860ರಲ್ಲಿ ನಿಜಾಮನಿಗೆ ಮರಳಿತು. ಹಳ್ಳಿಗರನ್ನು ಕೇಳದೆಯೇ ಅವರ ಒಡೆಯರು ಏಳು ವರ್ಷಗಳಲ್ಲಿ ಎರಡು ಬಾರಿ ಬದಲಾದರು.

ದಿವಾನ ಮೊದಲನೆಯ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾಬಂದಿ ವ್ಯವಸ್ಥೆಯನ್ನು ಜಾರಿಗೆ ತಂದು, ಗುತ್ತಿಗೆದಾರರ ಕೈಯಲ್ಲಿದ್ದ ಕಂದಾಯ ವಸೂಲಿಯನ್ನು ಸಂಬಳದ ಅಧಿಕಾರಿಗಳಿಗೆ ವಹಿಸಿದನು. ಮುಂದೆ ಸಂಸ್ಥಾನವು ಔರಂಗಾಬಾದ್, ಗುಲಬರ್ಗಾ, ಮೆದಕ್, ವರಂಗಲ್ ಎಂಬ ನಾಲ್ಕು ಸುಬಾಗಳಾಗಿ ವಿಂಗಡವಾಯಿತು. ಸುಬೇದಾರ, ತಾಲ್ಲೂಕುದಾರ, ತಹಸೀಲ್ದಾರರ ಶ್ರೇಣಿ ಏರ್ಪಟ್ಟಿತು. ಆದರೆ ಈ ಸುಧಾರಣೆ ಇಡೀ ನಾಡನ್ನು ಮುಟ್ಟಲಿಲ್ಲ. ಜಹಗೀರುಗಳೂ ನಿಜಾಮನ ಖಾಸಗಿ ಆಸ್ತಿಯಾದ ಸರ್ಫೆಖಾಸ್ ಭೂಮಿಯೂ ಇದರ ಹೊರಗುಳಿದವು. ಕೊಪ್ಪಳವು ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ಬೀದರ ಜಿಲ್ಲೆಯಲ್ಲಿ ಪಾಯಗಾ ಜಹಗೀರುಗಳು ಹರಡಿಕೊಂಡಿದ್ದವು. ಒಂದೇ ಜಿಲ್ಲೆಯ ಅಕ್ಕಪಕ್ಕದ ಎರಡು ಹಳ್ಳಿಗಳು ಬೇರೆ ಬೇರೆ ಒಡೆಯರಿಗೆ ಕಂದಾಯ ಕಟ್ಟುತ್ತಿದ್ದವು. ಶಾಲೆ, ರಸ್ತೆ, ನೀರಾವರಿಗಳಿಗೆ ಹೊಣೆಗಾರರು ಯಾರೆಂಬುದು ಎಷ್ಟೋ ಕಡೆ ಜಹಗೀರುದಾರನ ಮರ್ಜಿಗೆ ಬಿಟ್ಟ ಮಾತಾಗಿತ್ತು. ಜಹಗೀರುಗಳು ರದ್ದಾದದ್ದು 1949ರಲ್ಲಿ, ಹೈದರಾಬಾದು ಭಾರತದೊಡನೆ ವಿಲೀನವಾದ ಮೇಲೆ.

ಭಾಷೆಯ ಅಸಮತೋಲನ ಇದಕ್ಕೆ ಜೊತೆಗೂಡಿತು. 1884ರ ಸುಮಾರಿಗೆ ಪಾರಸಿಯ ಬದಲು ಉರ್ದು ಆಡಳಿತಭಾಷೆಯಾಯಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉರ್ದುವನ್ನು ಬೋಧನ ಮಾಧ್ಯಮವನ್ನಾಗಿ ಸ್ವೀಕರಿಸಿತು. ದೇಶಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ನೀಡಿದ ಸಾಹಸವಾಗಿ ಅದು ಶ್ಲಾಘ್ಯವೇ ಸರಿ. ಆದರೆ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಬಹುಸಂಖ್ಯಾತರಿಗೆ ಅದು ಮತ್ತೊಂದು ಹೊಸ್ತಿಲಾಯಿತು. 1919ರಲ್ಲಿ ಹೊರಟ ಮುಲ್ಕಿ ನಿಯಮಗಳು ಸರ್ಕಾರಿ ಕೆಲಸಕ್ಕೆ ಸಂಸ್ಥಾನದವರಿಗೆ ಮಾತ್ರ ಅರ್ಹತೆ ನೀಡಿದವು; ಹೊರಗಿನವರು ಮುಲ್ಕಿಗಳೆನಿಸಲು 15 ವರ್ಷಗಳ ವಾಸ ಬೇಕಿತ್ತು. ಸ್ಥಳೀಯರ ಉದ್ಯೋಗರಕ್ಷಣೆಯ ಈ ನಿಯಮ ಅರ್ಧ ಶತಮಾನದ ಬಳಿಕ ಬೇರೊಂದು ರಾಜ್ಯದ ರಾಜಕಾರಣವನ್ನೇ ಅಲುಗಾಡಿಸಲಿತ್ತು.

1956ರ ಹಂಚಿಕೆ

1953ರ ಡಿಸೆಂಬರಿನಲ್ಲಿ ಫಜಲ್ ಅಲಿಯವರ ಅಧ್ಯಕ್ಷತೆಯಲ್ಲಿ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. ಹೃದಯನಾಥ ಕುಂಜ್ರು ಹಾಗೂ ಕೆ.ಎಂ. ಪಣಿಕ್ಕರ್ ಅದರ ಸದಸ್ಯರು. 1955ರ ಸೆಪ್ಟೆಂಬರ್ 30ರಂದು ಸಲ್ಲಿಸಿದ ವರದಿಯಲ್ಲಿ ಆಯೋಗವು ಹೈದರಾಬಾದನ್ನು ವಿಭಜಿಸಲು ಶಿಫಾರಸು ಮಾಡಿತು. ಆದರೆ ತೆಲಂಗಾಣವನ್ನು ಕೂಡಲೇ ಆಂಧ್ರದೊಡನೆ ಸೇರಿಸುವುದಕ್ಕೆ ಅದು ಒಪ್ಪಲಿಲ್ಲ. ತೆಲುಗು ಜಿಲ್ಲೆಗಳಿಗೆ ಬೀದರವನ್ನೂ ಕೂಡಿಸಿ ಹೈದರಾಬಾದ್ ಎಂಬ ಪ್ರತ್ಯೇಕ ರಾಜ್ಯವು ಸದ್ಯಕ್ಕೆ ಮುಂದುವರಿಯಲಿ, 1961ರ ಸುಮಾರಿನ ಸಾರ್ವತ್ರಿಕ ಚುನಾವಣೆಯ ತರುವಾಯ ಅಲ್ಲಿಯ ವಿಧಾನಸಭೆ ಮೂರನೆಯ ಎರಡರಷ್ಟು ಬಹುಮತದಿಂದ ಒಪ್ಪಿದರೆ ಆಂಧ್ರದೊಡನೆ ಕೂಡಲಿ ಎಂಬುದು ಅದರ ಅಭಿಪ್ರಾಯ. ಆಯೋಗದ ಮಾತು ಹಾಗೆಯೇ ನಡೆದಿದ್ದರೆ ಬೀದರವು 1956ರಲ್ಲಿ ಕರ್ನಾಟಕದ ಹೊರಗೆ ಉಳಿಯುತ್ತಿತ್ತು.

ಕೇಂದ್ರವು ಬೇರೆ ತೀರ್ಮಾನಕ್ಕೆ ಬಂದಿತು. ತೆಲಂಗಾಣ ಆಂಧ್ರದೊಡನೆ ಕೂಡಿತು. ಬೀದರ ಜಿಲ್ಲೆ ಒಡೆಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಕಡೆಯ ಭಾಗಗಳು ಆಂಧ್ರಪ್ರದೇಶಕ್ಕೆ ಹೋದವು. ಗುಲಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು, ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲ್ಲೂಕುಗಳೂ ಆಂಧ್ರಪ್ರದೇಶದ ಪಾಲಾದವು. ಉಳಿದುದು ಮೈಸೂರು ರಾಜ್ಯಕ್ಕೆ ಸೇರಿತು.

ಇದೇ ಸಂದರ್ಭದಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿ ಬಂದಿತು. ಅದರಿಂದ ಹೊಸದಾಗಿ ರೂಪುಗೊಂಡ 371ನೆಯ ಅನುಚ್ಛೇದದ ಒಂದನೆಯ ಭಾಗವು ಆಂಧ್ರಪ್ರದೇಶ ಮತ್ತು ಪಂಜಾಬುಗಳ ವಿಧಾನಸಭೆಗಳಲ್ಲಿ ಪ್ರಾದೇಶಿಕ ಸಮಿತಿಗಳನ್ನು ರಚಿಸಲು ಅವಕಾಶ ನೀಡಿತು. ಎರಡನೆಯ ಭಾಗವು ಮುಂಬಯಿ ರಾಜ್ಯದಲ್ಲಿ ವಿದರ್ಭ, ಮರಾಠವಾಡ, ಸೌರಾಷ್ಟ್ರ, ಕಚ್ಛ ಮುಂತಾದವುಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಗಳ ವಿಷಯದಲ್ಲಿ ರಾಜ್ಯಪಾಲರಿಗೆ ವಿಶೇಷ ಹೊಣೆಯನ್ನು ವಹಿಸಲು ಅವಕಾಶ ನೀಡಿತು. ಈ ಪಟ್ಟಿಯಲ್ಲಿ ಮೈಸೂರು ರಾಜ್ಯದ ಹೆಸರಿಲ್ಲ.

ಇದಕ್ಕೆ ಕಾರಣವನ್ನು ಒಬ್ಬರ ಅಸಡ್ಡೆಯಲ್ಲಿ ಹುಡುಕುವುದು ನ್ಯಾಯವಲ್ಲ. ತೆಲಂಗಾಣದ ಮುಖಂಡರಲ್ಲಿ ಆಂಧ್ರದವರ ಪೈಪೋಟಿಯ ಭಯವಿತ್ತು. ಆದುದರಿಂದ ಅವರು 1956ರ ಫೆಬ್ರವರಿ 20ರ ‘ಸಭ್ಯರ ಒಪ್ಪಂದ’ದಲ್ಲಿ ಷರತ್ತುಗಳನ್ನು ಹಾಕಿಯೇ ಒಪ್ಪಿಗೆ ಕೊಟ್ಟರು. ಮಹಾರಾಷ್ಟ್ರದ ನಾಯಕರು 1953ರ ನಾಗಪುರ ಒಪ್ಪಂದದಲ್ಲಿ ವಿದರ್ಭ, ಮರಾಠವಾಡಗಳಿಗೆ ಮಾತು ಕೊಟ್ಟಿದ್ದರು. ಕನ್ನಡನಾಡಿನ ಸ್ಥಿತಿ ಬೇರೆಯಾಗಿತ್ತು. ಹೈದರಾಬಾದಿನ ಕನ್ನಡಿಗರಿಗೆ ಏಕೀಕರಣವೇ ಬಹುಕಾಲದ ಬಯಕೆ. ತಾಯಿಯ ಮನೆಗೆ ಬರುವವರು ಕರಾರುಪತ್ರ ಕೇಳುವುದುಂಟೇ ಎಂಬ ಭಾವ ಅಲ್ಲಿತ್ತು. ಕರಾರಿನ ಮಾತು ಆಗ ಕೇಳಿಬಂದದ್ದು ಎದುರು ದಿಕ್ಕಿನಿಂದ. ಹಿಂದುಳಿದ ಜಿಲ್ಲೆಗಳ ಭಾರ ತಮ್ಮ ಮೇಲೆ ಬೀಳುವುದೆಂಬ ಆತಂಕ ಹಳೆಯ ಮೈಸೂರಿನ ಒಂದು ವರ್ಗದಲ್ಲಿ ಪ್ರಬಲವಾಗಿತ್ತು. ಆ ವಿರೋಧವನ್ನು ದಾಟಿ ಏಕೀಕರಣವನ್ನು ಸಾಧಿಸುವುದೇ ಅಂದಿನ ಮುಖಂಡರ ಮುಖ್ಯ ಚಿಂತೆಯಾಗಿತ್ತು. ಹೀಗೆ ಅತ್ಯಂತ ದುರ್ಬಲವಾಗಿದ್ದ ಪಾಲುದಾರನು ಯಾವ ಬರಹವೂ ಇಲ್ಲದೆ ಕೂಡುಕುಟುಂಬವನ್ನು ಸೇರಿದನು.

ಮೂರು ದಾರಿಗಳು

ಕಾಗದದ ಮೇಲೆ ಗಟ್ಟಿಯಾದ ರಕ್ಷಣೆ ತೆಲಂಗಾಣದ್ದಾಗಿತ್ತು. ಅದರ ಪ್ರಾದೇಶಿಕ ಸಮಿತಿಯಲ್ಲಿ ಆ ಭಾಗದ ಶಾಸಕರೇ ಇದ್ದರು. ಸ್ಥಳೀಯ ಆಡಳಿತ, ಆರೋಗ್ಯ, ಪ್ರಾಥಮಿಕ ಹಾಗೂ ಮಾಧ್ಯಮಿಕ ಶಿಕ್ಷಣ, ಕೃಷಿಯಂಥ ವಿಷಯಗಳ ಮಸೂದೆಗಳು ಅದರ ಮುಂದೆ ಬರಬೇಕಿತ್ತು. ಆದರೆ ಸಮಿತಿಗೆ ಸಲಹೆ ನೀಡುವ ಅಧಿಕಾರವಿತ್ತೇ ಹೊರತು ಹಣಕಾಸಿನ ಕೀಲಿಕೈ ಇರಲಿಲ್ಲ. ಭಿನ್ನಾಭಿಪ್ರಾಯ ಬಂದಾಗ ಕೊನೆಯ ಮಾತು ರಾಜ್ಯಪಾಲರದು. ಮಿಗುತಾಯದ ಹಣವೂ ಮುಲ್ಕಿಗಳಿಗೆ ಸಲ್ಲಬೇಕಾದ ಹುದ್ದೆಗಳೂ ಬೇರೆಡೆಗೆ ಹೋದವೆಂಬ ದೂರು 1969ರಲ್ಲಿ ದೊಡ್ಡ ಚಳವಳಿಯಾಯಿತು. 1972ರಲ್ಲಿ ಸುಪ್ರೀಂ ಕೋರ್ಟು ಮುಲ್ಕಿ ನಿಯಮಗಳನ್ನು ಎತ್ತಿಹಿಡಿದಾಗ ಆಂಧ್ರ ಭಾಗದಲ್ಲಿ ‘ಜೈ ಆಂಧ್ರ’ ಚಳವಳಿ ಎದ್ದಿತು. 1973ರ ಆರು ಅಂಶಗಳ ಸೂತ್ರವು ಪ್ರಾದೇಶಿಕ ಸಮಿತಿಯನ್ನೂ ಮುಲ್ಕಿ ನಿಯಮಗಳನ್ನೂ ಕೈಬಿಟ್ಟು, 371-ಡಿ ಅನುಚ್ಛೇದದ ಮೂಲಕ ಇಡೀ ಆಂಧ್ರಪ್ರದೇಶಕ್ಕೆ ಸ್ಥಳೀಯ ಮೀಸಲಾತಿಯ ವ್ಯವಸ್ಥೆಯನ್ನು ತಂದಿತು. ತೆಲಂಗಾಣದ ವಿಶೇಷ ಸ್ಥಾನವು ಸಾಮಾನ್ಯ ನಿಯಮದಲ್ಲಿ ಕರಗಿತು. ಅಸಮಾಧಾನ ಮಾತ್ರ ಕರಗಲಿಲ್ಲ. 2014ರ ಜೂನ್ 2ರಂದು ತೆಲಂಗಾಣವು ಪ್ರತ್ಯೇಕ ರಾಜ್ಯವಾಯಿತು.

ಮರಾಠವಾಡದ ಭರವಸೆ ಬಹುಕಾಲ ಭರವಸೆಯಾಗಿಯೇ ಉಳಿಯಿತು. ಅಭಿವೃದ್ಧಿಯ ಹಿನ್ನಡೆಯನ್ನು ಅಳೆಯಲು ವಿ.ಎಂ. ದಾಂಡೇಕರ್ ಸಮಿತಿ 1984ರಲ್ಲಿ ವರದಿ ನೀಡಿತು. ಶಾಸನಬದ್ಧ ಅಭಿವೃದ್ಧಿ ಮಂಡಳಿಗಳು ಹುಟ್ಟಿದ್ದು 1994ರಲ್ಲಿ. ಸಂವಿಧಾನದಲ್ಲಿ ಮಾತು ಸೇರಿದ 38 ವರ್ಷಗಳ ಮೇಲೆ. ಆ ಮಂಡಳಿಗಳ ಅವಧಿಯೂ 2020ರ ಏಪ್ರಿಲಿನಲ್ಲಿ ಮುಗಿಯಿತು.

ಕನ್ನಡ ಜಿಲ್ಲೆಗಳು ಮೊದಲು ರಾಜ್ಯದ ಕಾನೂನಿನ ದಾರಿಯನ್ನು ಹಿಡಿದವು. ಧರ್ಮಸಿಂಗ್ ಸಮಿತಿಯ ಶಿಫಾರಸಿನ ಬಳಿಕ 1991ರಲ್ಲಿ ಹೈದರಾಬಾದ್ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಯಿದೆ ಬಂದಿತು. ಅದಕ್ಕೆ ಸಂವಿಧಾನದ ಬೆಂಬಲವಿರಲಿಲ್ಲ. ತೆಲಂಗಾಣ, ಮರಾಠವಾಡಗಳಿಗೆ 1956ರಲ್ಲೇ ಸಂದುದು ತಮಗೇಕಿಲ್ಲ ಎಂಬ ಪ್ರಶ್ನೆಯನ್ನು ಮುಂದಿಟ್ಟು ವೈಜನಾಥ ಪಾಟೀಲ ಮೊದಲಾದವರು ದೀರ್ಘ ಹೋರಾಟ ನಡೆಸಿದರು. ರಾಜ್ಯದ ಉಭಯ ಸದನಗಳ ನಿರ್ಣಯದ ನಂತರ, 2012ರ ಡಿಸೆಂಬರಿನಲ್ಲಿ ಸಂಸತ್ತು 98ನೆಯ ತಿದ್ದುಪಡಿಯನ್ನು ಅಂಗೀಕರಿಸಿ 371-ಜೆ ಅನುಚ್ಛೇದವನ್ನು ಸೇರಿಸಿತು. ಬೀದರ, ಗುಲಬರ್ಗಾ, ಯಾದಗಿರಿ, ರಾಯಚೂರು, ಕೊಪ್ಪಳಗಳೊಡನೆ ನಿಜಾಮನು 1800ರಲ್ಲಿಯೇ ಬಿಟ್ಟುಕೊಟ್ಟಿದ್ದ ಬಳ್ಳಾರಿಯೂ ಇದರಲ್ಲಿ ಸೇರಿತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರ್ಪಟ್ಟು ಸಂಖ್ಯೆ ಏಳಾಯಿತು. 2019ರಲ್ಲಿ ಪ್ರದೇಶದ ಹೆಸರು ಕಲ್ಯಾಣ ಕರ್ನಾಟಕವೆಂದು ಬದಲಾಯಿತು.

ಹೊಸ ಅನುಚ್ಛೇದವು ಮೂರು ಅನುಭವಗಳ ಸಾರವನ್ನು ಒಂದುಮಟ್ಟಿಗೆ ಕೂಡಿಸಿದೆ. ಮರಾಠವಾಡದ ಮಾದರಿಯ ಅಭಿವೃದ್ಧಿ ಮಂಡಳಿ ಮತ್ತು ರಾಜ್ಯಪಾಲರ ವಿಶೇಷ ಹೊಣೆ ಇಲ್ಲಿವೆ. ಆಂಧ್ರದ 371-ಡಿಯನ್ನು ನೆನಪಿಸುವ ಸ್ಥಳೀಯ ಮೀಸಲಾತಿಯೂ ಇದೆ. ಹುಟ್ಟಿನಿಂದಾಗಲಿ ವಾಸದಿಂದಾಗಲಿ ಈ ಪ್ರದೇಶಕ್ಕೆ ಸೇರಿದವರಿಗೆ ಇಲ್ಲಿಯ ಶಿಕ್ಷಣಸಂಸ್ಥೆಗಳಲ್ಲಿ ಶೇಕಡ 70ರಷ್ಟು, ರಾಜ್ಯದ ಉಳಿದೆಡೆ ಶೇಕಡ 8ರಷ್ಟು ಸ್ಥಾನಗಳು ಮೀಸಲಾದವು. ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಪಟ್ಟಿಗಳಲ್ಲಿ ಹಳ್ಳಿಗಾಡಿನ ಹೆಸರುಗಳು ಹೆಚ್ಚತೊಡಗಿದುದು ಇದರ ನೇರ ಫಲ. ಆದರೆ ತೆಲಂಗಾಣದ ಸಮಿತಿಯಲ್ಲಿದ್ದ ಒಂದು ಗುಣ, ಅಂದರೆ ಪ್ರದೇಶದ ಶಾಸಕರು ಒಂದೆಡೆ ಕುಳಿತು ಮಸೂದೆಯನ್ನು ಪರಿಶೀಲಿಸುವ ಹಕ್ಕು, ಇಲ್ಲಿ ಸೇರಲಿಲ್ಲ. ದೊರೆತದ್ದು ಪಾಲು, ಆಳುವ ಅಧಿಕಾರವಲ್ಲ.

ಕಲಿಯಬೇಕಾದ ಪಾಠ

ಬಲವಾದ ರಕ್ಷಣೆ ಪಡೆದ ತೆಲಂಗಾಣ ಬೇರೆಯಾಯಿತು. ರಕ್ಷಣೆಯೇ ಇಲ್ಲದ ಕನ್ನಡ ಜಿಲ್ಲೆಗಳು ರಾಜ್ಯದಲ್ಲಿಯೇ ಉಳಿದವು. ಇದನ್ನು ನೋಡಿ, ಸ್ವಾಯತ್ತತೆಯನ್ನು ಕೊಡುವುದೇ ಒಡಕಿಗೆ ಬೀಜವೆಂದು ವಾದಿಸುವವರುಂಟು. ಆ ವಾದ ನಿಲ್ಲದು. ತೆಲಂಗಾಣಕ್ಕೆ ಒಂಬತ್ತು ಜಿಲ್ಲೆಗಳ ವಿಸ್ತಾರವಿತ್ತು, ತನ್ನ ನೆಲದಲ್ಲಿಯೇ ಹೈದರಾಬಾದಿನಂಥ ರಾಜಧಾನಿಯಿತ್ತು. ಅಲ್ಲಿ ಜನರನ್ನು ಕೆರಳಿಸಿದ್ದು ಕೊಟ್ಟ ಮಾತಲ್ಲ, ಕೊಟ್ಟ ಮಾತು ನಡೆಯದೆ ಹೋದದ್ದು. ಕನ್ನಡ ಜಿಲ್ಲೆಗಳಿಗೆ ಅಂಥ ಬಲವಿರಲಿಲ್ಲ. ಅಲ್ಲದೆ ಶಾಲೆ, ಕಚೇರಿಗಳಲ್ಲಿ ತಮ್ಮ ಭಾಷೆಯನ್ನು ಕಂಡ ಸಂತೋಷ ಅವುಗಳಿಗೆ 1956ರ ದೊಡ್ಡ ಲಾಭವಾಗಿತ್ತು. ಭಾಷಾವಾರು ರಾಜ್ಯರಚನೆಯು ಒಂದು ಅನ್ಯಾಯವನ್ನು ನಿಜವಾಗಿಯೂ ಅಳಿಸಿತು. ಜಹಗೀರುಗಳಿಂದ ಬಂದ ಹಿಂದುಳಿದಿರುವಿಕೆಯನ್ನು ಅದೊಂದೇ ಅಳಿಸಲಾರದಾಗಿತ್ತು. ಒಂದೇ ಭಾಷೆಯವರ ನಡುವೆಯೂ ಅಸಮಾನತೆ ಇರಬಲ್ಲದೆಂಬುದನ್ನು ಒಪ್ಪಿಕೊಳ್ಳಲು ತಡವಾಯಿತು.

ಪ್ರದೇಶವೆಂಬ ಘಟಕವೂ ಅಂತಿಮವಲ್ಲ. 2002ರಲ್ಲಿ ವರದಿ ಸಲ್ಲಿಸಿದ ಡಿ.ಎಂ. ನಂಜುಂಡಪ್ಪ ಸಮಿತಿಯು ಜಿಲ್ಲೆಯ ಬದಲು ತಾಲ್ಲೂಕನ್ನು ಅಳತೆಯ ಘಟಕವಾಗಿ ಹಿಡಿಯಿತು. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರಲ್ಲಿ 21 ತಾಲ್ಲೂಕುಗಳು ಗುಲಬರ್ಗಾ ವಿಭಾಗದವು. ಈ ಅಂಕಿ ಕಲ್ಯಾಣ ಕರ್ನಾಟಕದ ದೂರನ್ನು ಸಮರ್ಥಿಸುತ್ತದೆ. ಆದರೆ ಅದೇ ಪಟ್ಟಿಯಲ್ಲಿ ದಕ್ಷಿಣದ 13 ತಾಲ್ಲೂಕುಗಳೂ ಇವೆ. ಬೆಂಗಳೂರಿನಿಂದ ಕಲಬುರಗಿಗೆ ಬಂದ ಅಧಿಕಾರವು ಕಲಬುರಗಿಯಲ್ಲಿಯೇ ನಿಂತುಬಿಟ್ಟರೆ ದೇವದುರ್ಗಕ್ಕೂ ಸುರಪುರಕ್ಕೂ ಹೆಚ್ಚಿನ ವ್ಯತ್ಯಾಸವಾಗದು.

ಎಡೆದೊರೆ, ಅಳಂದೆ, ಸಗರಗಳ ನಾಡುಗಳನ್ನು ಮರಳಿ ತರಲಾಗದು, ತರಬೇಕಾಗಿಯೂ ಇಲ್ಲ. 371-ಜೆ ಅನುಚ್ಛೇದದಲ್ಲಿ ಹೆಚ್ಚು ಚರ್ಚೆಯಾಗದ ಒಂದು ಸಣ್ಣ ಮಾತಿದೆ: ಅಭಿವೃದ್ಧಿ ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷವೂ ವಿಧಾನಸಭೆಯ ಮುಂದೆ ಇಡತಕ್ಕದ್ದು. ಮೀಸಲಾತಿಯ ಪ್ರಮಾಣಪತ್ರ ಒಬ್ಬೊಬ್ಬ ವಿದ್ಯಾರ್ಥಿಗೆ ನೆರವಾಗುತ್ತದೆ. ಈ ವರದಿ ಇಡೀ ಪ್ರದೇಶದ ಲೆಕ್ಕವನ್ನು ಬಯಲಿಗಿಡುತ್ತದೆ. ಯಾವ ತಾಲ್ಲೂಕಿಗೆ ಎಷ್ಟು ಹಣ ಬಂದಿತು, ಎಷ್ಟು ಖರ್ಚಾಯಿತು, ಎಷ್ಟು ಉಳಿದು ಹಿಂದಕ್ಕೆ ಹೋಯಿತು ಎಂಬುದನ್ನು ಆ ವರದಿಯನ್ನು ಕೈಯಲ್ಲಿ ಹಿಡಿದು ಕೇಳುವ ಅವಕಾಶ ಶಾಸಕರಿಗಿದೆ, ಕೇಳಿಸುವ ಅವಕಾಶ ಮತದಾರರಿಗಿದೆ. ತೆಲಂಗಾಣದ ಸಮಿತಿಯೂ ಮರಾಠವಾಡದ ಮಂಡಳಿಯೂ ಸೋತದ್ದು ಲೆಕ್ಕ ಕೇಳುವ ಈ ಹಂತದಲ್ಲಿಯೇ. 1956ರಲ್ಲಿ ಕೈತಪ್ಪಿದ ಬುತ್ತಿ ತಡವಾಗಿಯಾದರೂ ಮನೆ ಸೇರಿದೆ. ಅದನ್ನು ಬಿಚ್ಚಿ, ಯಾರ ತಟ್ಟೆಗೆ ಎಷ್ಟು ಬಡಿಸಲಾಗಿದೆಯೆಂದು ವರ್ಷಕ್ಕೊಮ್ಮೆಯಾದರೂ ನೋಡುವ ಕೆಲಸ ಅಲ್ಲಿಯ ಜನರದು.